ಇರುವೆ ಮೇಸ್ತ್ರಿ ಕೂತ ಹೊತ್ತು

ನನ್ನ ಮಗಳಿಗೆ ಉತ್ತರ ಗೊತ್ತಿರುತ್ತದೆ. ಅದು ತಲೆಯಿಂದ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೆ. ಇದನ್ನು ನಾನು ಎಷ್ಟು ಜನರ ಮುಂದೆ ಹೇಳಿದ್ದೇನೋ ನನಗೇ ನೆನಪಿಲ್ಲ. ಕೇಳಿದ ನೆಂಟರಿಷ್ಟರೆಲ್ಲ ತಲೆದೂಗುತ್ತಾರೆ. ಆಮೇಲೆ ಅವಳ ಕಡೆ ಬಗ್ಗಿ ಏನಾದರೂ ಕೇಳುತ್ತಾರೆ, ಅವಳು ಬಾಯಿ ತೆರೆಯುವಷ್ಟರಲ್ಲಿ ತಾವೇ ಉತ್ತರ ಹೇಳಿ ಮುಗಿಸುತ್ತಾರೆ. ಮಗುವಿಗೆ ಸಹಾಯ ಮಾಡಿದೆವು ಎಂಬ ಸಮಾಧಾನ ಬೇರೆ.

ಮನೆಯಲ್ಲಿ ಅವಳನ್ನು ಚೂಟಿ ಎಂದು ಕರೆಯುತ್ತೇವೆ. ತೊಟ್ಟಿಲಲ್ಲಿದ್ದಾಗ ಒಂದು ಗಳಿಗೆಯೂ ಕೈಕಾಲು ಸುಮ್ಮನಿಡುತ್ತಿರಲಿಲ್ಲವೆಂದು ನನ್ನ ಅತ್ತೆ ಇಟ್ಟ ಹೆಸರು. ಒಮ್ಮೆ ಶಾಲೆಯ ಗೇಟಿನ ಹತ್ತಿರ ನಾನು ಮರೆತು ಹಾಗೆ ಕರೆದುಬಿಟ್ಟೆ. ಅವತ್ತಿನಿಂದ ಅವಳ ಕ್ಲಾಸಿನವರಿಗೆ ಅದೊಂದು ತಮಾಷೆ ಸಿಕ್ಕಂತಾಯಿತು. ಟೀಚರ್ ಪ್ರಶ್ನೆ ಕೇಳಿ ಇವಳು ಸುಮ್ಮನೆ ನಿಂತಾಗ ಹಿಂದಿನ ಬೆಂಚಿನಿಂದ ಯಾರಾದರೂ, "ಬೇಗ ಹೇಳು ಚೂಟಿ" ಅನ್ನುತ್ತಾರಂತೆ. ಟೀಚರ್ ಕೂಡ ಒಂದು ಉಸಿರು ಬಿಟ್ಟು, "ಕೂತ್ಕೋ, ನೆಕ್ಸ್ಟ್" ಅನ್ನುತ್ತಾರಂತೆ. ಇದನ್ನೆಲ್ಲ ಅವಳು ಅಳದೆ, ಬೇರೆ ಯಾರದೋ ಸುದ್ದಿ ಎಂಬಂತೆ ನನಗೆ ಹೇಳುತ್ತಾಳೆ.

ಅವಳಪ್ಪನೂ ಹಾಗೇ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವರದು. ಊಟ ಆಯ್ತಾ ಎಂದು ಕೇಳಿದರೂ ಒಂದಿಷ್ಟು ಯೋಚಿಸಿಯೇ ಹೂಂ ಅನ್ನುವ ಆಸಾಮಿ. ಮದುವೆಯ ಹೊಸದರಲ್ಲಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ರೂಢಿಯಾಗಿದೆ, ಮನೆಯಲ್ಲಿ ಬಾಯಿಯ ಕೆಲಸವನ್ನೆಲ್ಲ ನಾನೊಬ್ಬಳೇ ನೋಡಿಕೊಳ್ಳುತ್ತೇನೆ.

ಬೆಳಿಗ್ಗೆ ಶಾಲೆಗೆ ಹೊರಡುವಾಗ ಚೂಟಿ ಬಾಗಿಲ ಬಳಿ ಕೂತು ಶೂ ಲೇಸು ಕಟ್ಟುತ್ತಾಳೆ. ಒಂದು ಕುಣಿಕೆ ಮಾಡುತ್ತಾಳೆ, ನೋಡುತ್ತಾಳೆ, ಬಿಚ್ಚುತ್ತಾಳೆ, ಎರಡೂ ತುದಿ ಸಮ ಬರುವವರೆಗೆ ಎಳೆದು ಮತ್ತೆ ಮಾಡುತ್ತಾಳೆ. ಹೊರಗೆ ಬಸ್ಸು ಹೋಗುತ್ತಿರುತ್ತದೆ. ನಾನು ಅವಳ ಚೀಲ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತು, "ನಿಧಾನ. ನಾನೆಲ್ಲೂ ಹೋಗಲ್ಲ" ಅನ್ನುತ್ತೇನೆ. ಅವಳು ಮಾತು ಕಲಿಯುವ ಕಾಲದಿಂದಲೂ ನಮ್ಮಿಬ್ಬರ ನಡುವೆ ಇರುವ ಮಾತು ಅದು. ಅದನ್ನು ಕೇಳಿದೊಡನೆ ಅವಳ ಹೆಗಲು ಒಂದು ಬೆರಳಷ್ಟು ಕೆಳಗಿಳಿಯುತ್ತದೆ. ಆಮೇಲೆ ಲೇಸು ತಾನಾಗಿ ಕಟ್ಟಿಕೊಳ್ಳುತ್ತದೆ.

ಆ ಮಾತನ್ನು ನಾನು ಆಟದೊಳಗೆ ಹಾಕಿದೆ.

ನನ್ನ ಕೆಲಸ ಮಕ್ಕಳಿಗೆ ಪಾಠದ ಆಟ ತಯಾರಿಸುವುದು. ಪಾಠ ಎಂದರೆ ಓಡಿಹೋಗುವ ಮಕ್ಕಳು ಆಟ ಎಂದರೆ ಓಡಿಬರುತ್ತವೆ ಎಂಬ ನಂಬಿಕೆಯ ಮೇಲೆ ನಮ್ಮ ಕಂಪನಿ ನಿಂತಿದೆ. ಟ್ಯಾಬ್ಲೆಟ್ಟಿನ ಕ್ಯಾಮೆರಾವನ್ನು ಮನೆಯ ಯಾವುದೇ ಮೇಜಿನ ಕಡೆ ಹಿಡಿದರೆ ಪರದೆಯಲ್ಲಿ ನಿಮ್ಮದೇ ಮೇಜು, ನಿಮ್ಮದೇ ಲೋಟ, ನಿಮ್ಮದೇ ಚೆಲ್ಲಿದ ಹಾಲು ಕಾಣುತ್ತದೆ. ಅವುಗಳ ನಡುವೆ, ನಿಜವಾಗಿ ಇಲ್ಲದ ಒಂದು ಇರುವೆ ಹಳದಿ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತದೆ. ಅವನೇ ಇರುವೆ ಮೇಸ್ತ್ರಿ. ಮೇಜಿನಿಂದ ಕುರ್ಚಿಗೆ ಅವನು ಸೇತುವೆ ಕಟ್ಟಬೇಕು. ನಡುವಿನ ದೂರವನ್ನು ಕಣ್ಣಲ್ಲೇ ಅಳೆದು, ಗಿಡ್ಡ ಹಲಗೆ ಉದ್ದ ಹಲಗೆ ಕೂಡಿಸಿ, ಸರಿಯಾಗಿ ಅಷ್ಟೇ ಉದ್ದಕ್ಕೆ ಜೋಡಿಸಿ ಕೊಡುವುದು ಮಗುವಿನ ಕೆಲಸ. ಲೆಕ್ಕ ತಪ್ಪಿದರೆ ಮೇಸ್ತ್ರಿ ದೊಪ್ಪನೆ ಬಿದ್ದು, "ಅಯ್ಯೋ ನನ್ನ ಸೊಂಟ" ಅನ್ನುತ್ತಾನೆ. ಇರುವೆಗೆ ಸೊಂಟ ಎಲ್ಲಿದೆ ಎಂದು ಆಫೀಸಿನಲ್ಲಿ ಒಂದು ಇಡೀ ಮಧ್ಯಾಹ್ನ ಚರ್ಚೆ ನಡೆದಿತ್ತು.

ಬೇರೆ ಆಟಗಳಲ್ಲಿ ಮಗು ಯೋಚಿಸುತ್ತ ಕೂತರೆ ಗಡಿಯಾರ ಟಿಕ್ ಟಿಕ್ ಅನ್ನುತ್ತದೆ, ಬಾಣ ಮಿನುಗುತ್ತದೆ, ಒಂದು ಧ್ವನಿ ಬಂದು ಉತ್ತರದ ಅರ್ಧ ಹೇಳಿಕೊಡುತ್ತದೆ. ನಮ್ಮ ನೆಂಟರ ಬುದ್ಧಿಯೇ ಅವಕ್ಕೂ. ನನ್ನ ಮೇಸ್ತ್ರಿ ಹಾಗಲ್ಲ. ಮಗು ಸುಮ್ಮನಾದರೆ ಅವನು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ. ಹೆಲ್ಮೆಟ್ ತೆಗೆದು ಪಕ್ಕಕ್ಕಿಡುತ್ತಾನೆ. "ನಿಧಾನ. ನಾನೆಲ್ಲೂ ಹೋಗಲ್ಲ" ಅನ್ನುತ್ತಾನೆ. ಆಮೇಲೆ ಎಷ್ಟು ಹೊತ್ತಾದರೂ ಸರಿ, ಕಾಲು ಅಲ್ಲಾಡಿಸುತ್ತ ಕೂತಿರುತ್ತಾನೆ. ನಾನು ಇಷ್ಟು ವರ್ಷ ಈ ಕಸುಬಿನಲ್ಲಿ ಮಾಡಿದ್ದರಲ್ಲಿ ನನಗೆ ನಿಜವಾಗಿ ಹೆಮ್ಮೆಯಿದ್ದದ್ದು ಅದೊಂದರ ಬಗ್ಗೆ. ಏನೂ ಮಾಡದೆ ಕೂರುವ ಒಂದು ಇರುವೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಆಟ ಪೂರ್ತಿ ತಯಾರಾಗುವವರೆಗೆ ಪಾತ್ರಗಳ ಮಾತನ್ನು ಆಫೀಸಿನವರೇ ಯಾರಾದರೂ ಓದಿ ತುಂಬಿಸುತ್ತೇವೆ. ಅದನ್ನು ಕಚ್ಚಾ ಧ್ವನಿ ಅನ್ನುತ್ತೇವೆ. ಕೊನೆಗೆ ನಟರನ್ನು ಕರೆಸಿ ಹೇಳಿಸಿ ಅದನ್ನು ಅಳಿಸಿಹಾಕುತ್ತೇವೆ. ಮೇಸ್ತ್ರಿಗೆ ಕಚ್ಚಾ ಧ್ವನಿ ಕೊಟ್ಟವಳು ನಾನು. ಹಳೆಯ ಪರದೆ, ರಟ್ಟಿನ ಡಬ್ಬ ತುಂಬಿದ ಸ್ಟೋರ್ ರೂಮಿನಲ್ಲಿ ನಿಂತು, ಧ್ವನಿಮುದ್ರಣ ನೋಡಿಕೊಳ್ಳುವ ನಮ್ಮ ಸೌಂಡ್ ಮಾಮ ಹಿಡಿದ ಮೈಕಿಗೆ ಎಲ್ಲ ಮಾತನ್ನೂ ಹೇಳಿದೆ. ಸೊಂಟದ ಮಾತು ಹೇಳಿದೆ. ಕಾಯುವ ಮಾತು ಹೇಳಿದೆ. ಸೇತುವೆ ಮುಗಿದಾಗ ಟ್ಯಾಬ್ಲೆಟ್ಟನ್ನು ಗೆಳೆಯರ ಕೈಗೆ ದಾಟಿಸಲಿ ಎಂದು ಬರೆದಿದ್ದ, "ಓಹೋ, ಸೇತುವೆ ಆಯ್ತು. ಮುಂದಿನವರು ಬನ್ನಿ" ಎಂಬ ಮಾತನ್ನೂ ನಗುನಗುತ್ತ ಹೇಳಿದೆ. ಸೌಂಡ್ ಮಾಮ ಕಿವಿಯ ಹೆಡ್‌ಫೋನ್ ತೆಗೆದು, "ನೀವು ಆಫೀಸಲ್ಲಿ ಯಾವತ್ತೂ ಇಷ್ಟು ಪ್ರೀತಿಯಿಂದ ಮಾತಾಡಿದ್ದು ನಾನು ಕೇಳಿಲ್ಲ" ಅಂದರು.

ಆಮೇಲೆ ನಟ ಬಂದ. ಸೋಪು ಮಾರುವ ಗಂಟಲು ಅವನದು. ಪರೀಕ್ಷೆಗೆ ಕರೆಸಿದ್ದ ಮಕ್ಕಳು ಎರಡನ್ನೂ ಕೇಳಿ, ಮೊದಲಿನ ಇರುವೆಯೇ ಬೇಕು ಅಂದವು. ಹೀಗಾಗಿ ಕಚ್ಚಾ ಧ್ವನಿಯೇ ಪಕ್ಕಾ ಆಯಿತು. ಕಂಪನಿಯವರು ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು, ನಾನು ಖುಷಿಯಲ್ಲೇ ಹಾಕಿದೆ.

ಚೂಟಿ ಆ ಆಟವನ್ನು ನಮ್ಮ ಊಟದ ಮೇಜಿನ ಮೇಲೆ ಮೊದಲಿನಿಂದಲೂ ಆಡಿದವಳು. ಇರುವೆಗೆ ಹೆಲ್ಮೆಟ್ ಬರುವ ಮುಂಚೆಯೇ, ಅದು ಬರೀ ಒಂದು ಕರಿ ಚುಕ್ಕೆಯಾಗಿದ್ದಾಗಲೇ ಆಡಿದವಳು. ಮೇಸ್ತ್ರಿ ಕೂತನೆಂದರೆ ತಾನೂ ಕೂರುತ್ತಿದ್ದಳು. ಹಲಗೆ ಎಣಿಸುತ್ತ, ಕುರ್ಚಿಯನ್ನು ಸುತ್ತಿ ಬಗ್ಗಿ ನೋಡುತ್ತ, ತನ್ನಷ್ಟಕ್ಕೆ ಏನೋ ಗೊಣಗುತ್ತ, ಕೊನೆಗೆ ಇಟ್ಟ ಹಲಗೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಅವಳಪ್ಪ ಬಾಗಿಲಿಗೆ ಒರಗಿ ನೋಡುತ್ತಿದ್ದವರು ಒಂದು ಸಂಜೆ, "ಇದು ಒಳ್ಳೇದು ಮಾಡಿದೀಯ" ಅಂದರು. ಇವರ ಬಾಯಿಂದ ಅಷ್ಟು ಬಂದರೆ ಬೇರೆಯವರ ಕೈಲಿ ಸನ್ಮಾನ ಆದ ಹಾಗೆ.

ನಮ್ಮ ಮ್ಯಾನೇಜರಿಗೆ ನಾವು ಹಿಂದಿನಿಂದ ಗ್ರಾಫಣ್ಣ ಎನ್ನುತ್ತೇವೆ. ಕೆಟ್ಟವನಲ್ಲ. ಎಲ್ಲರ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುತ್ತಾನೆ. ಆದರೆ ಯಾವುದನ್ನೇ ಆಗಲಿ ಗೆರೆಯಾಗಿ ಬರೆದು ಗೋಡೆಯ ಮೇಲೆ ತೋರಿಸದಿದ್ದರೆ ಅದು ಇದೆ ಎಂದು ಅವನಿಗೆ ನಂಬಿಕೆ ಬರುವುದಿಲ್ಲ. ಒಂದು ದಿನ ನನ್ನನ್ನು ಕರೆದು, ಆಡುವ ಮಕ್ಕಳ ಬೆರಳು ಪರದೆಯ ಮೇಲೆ ಎಷ್ಟು ಓಡುತ್ತದೆ ಎಂಬುದರ ಗೆರೆಯನ್ನು ಗೋಡೆಯ ಮೇಲೆ ತೋರಿಸಿದ. ನಡುವೆ ಒಂದು ಹಳ್ಳ ಇತ್ತು.

"ಇರುವೆ ಕೂತಾಗ ಮಕ್ಕಳು ಆಟ ಬಿಟ್ಬಿಡ್ತಿದಾರೆ ನೋಡಿ" ಅಂದ.

"ಬಿಡ್ತಿಲ್ಲ. ಯೋಚನೆ ಮಾಡ್ತಿದಾರೆ."

"ಗ್ರಾಫಲ್ಲಿ ಎರಡೂ ಒಂದೇ ತರ ಕಾಣುತ್ತೆ."

"ಅದು ಗ್ರಾಫಿನ ತಪ್ಪು."

ಅವನು ನಕ್ಕ. ಆಟದ ಶಾಲೆಗಳಿಗೆ ಹೋಗುವ ಪ್ರತಿಯ ಬಗ್ಗೆ ಹೇಳಿದ. ಒಂದು ಪೀರಿಯಡ್, ಒಂದು ಟ್ಯಾಬ್ಲೆಟ್, ಸುತ್ತ ಹತ್ತಾರು ಮಕ್ಕಳು. ಎಲ್ಲರಿಗೂ ಸರದಿ ಸಿಗಬೇಕು ಎಂದು ಹೆಡ್‌ಮೇಡಂಗಳು ಕೇಳುತ್ತಿದ್ದಾರೆ. ಒಂದೊಂದು ಮಗುವೂ ಹೀಗೆ ಕೂತರೆ ಹೇಗೆ ಎಂದ. ನಾನು ಹಟ ಹಿಡಿದೆ. ಈ ಆಟದಲ್ಲಿ ಕಾಯುವುದು ಬಿಟ್ಟರೆ ಇನ್ನೇನೂ ಇಲ್ಲ, ಹಲಗೆ ಕೂಡಿಸುವ ಲೆಕ್ಕ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ ಅಂದೆ. ಮಾತಿಗೆ ಮಾತು ಬೆಳೆಯಿತು. ಪಕ್ಕದ ಗಾಜಿನ ಕೋಣೆಯವರು ಕತ್ತೆತ್ತಿ ನೋಡುವಷ್ಟು ಬೆಳೆಯಿತು. ಕೊನೆಗೆ ಅವನೇ ಕೈಯೆತ್ತಿ, "ಆಯ್ತು ಮಾರಾಯ್ರೆ, ನಿಮ್ಮ ಇರುವೆ ಕೂರ್ಲಿ ಬಿಡಿ. ಕೂರೋದನ್ನ ಯಾರೂ ಮುಟ್ಟಲ್ಲ" ಅಂದ.

ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಮೊದಲ ಪ್ರದರ್ಶನಕ್ಕೆ ಚೂಟಿಯ ಶಾಲೆಯನ್ನೇ ಕೇಳಿ ಗೊತ್ತು ಮಾಡಿಸಿದವಳು ನಾನು. ಅವಳ ಕ್ಲಾಸಿನವರು ಒಮ್ಮೆಯಾದರೂ ಅವಳು ಉತ್ತರ ಮುಟ್ಟುವುದನ್ನು ನೋಡಲಿ ಎಂಬ ಆಸೆ. ಹೆಸರು ಕೊಡುತ್ತೀಯಾ ಎಂದು ಅವಳನ್ನು ಕೇಳಿದಾಗ, ತಟ್ಟೆಯಲ್ಲಿದ್ದದ್ದನ್ನು ಅಗಿದು ನುಂಗಿ, ನೀರು ಕುಡಿದು, "ಎಲ್ಲರೂ ನೋಡ್ತಿರ್ತಾರೆ" ಅಂದಳು.

"ನೋಡ್ಲಿ."

"ನಗ್ತಾರೆ."

"ಇದು ಟೀಚರ್ ಅಲ್ವಲ್ಲ, ಮೇಸ್ತ್ರಿ. ಅವನು ಕಾಯ್ತಾನೆ. ನೀನು ಮುಗಿಸೋ ತನಕ ಅವನು ಎದ್ದು ಹೋಗಲ್ಲ."

"ಪ್ರಾಮಿಸ್?"

"ಪ್ರಾಮಿಸ್. ಮೇಸ್ತ್ರಿ ಒಳಗೆ ಇರೋದು ನಾನಲ್ವಾ?"

ಅವಳು ಬಹಳ ಹೊತ್ತು ಯೋಚಿಸಿ ಹೂಂ ಅಂದಳು. ಮಾರನೆಯ ದಿನ ಕ್ಲಾಸಿನಲ್ಲಿ ಕೈಯೆತ್ತಿದಳಂತೆ. ಅವಳು ಕೈಯೆತ್ತಿದ್ದನ್ನು ನೋಡಿ ಟೀಚರ್ ಮೊದಲು, ಟಾಯ್ಲೆಟ್ಟಿಗೆ ಹೋಗಬೇಕಾ ಎಂದು ಕೇಳಿದರಂತೆ.

ಶಾಲೆಯ ಸಭಾಂಗಣದಲ್ಲಿ ಮಡಿಸುವ ಕುರ್ಚಿಗಳ ಸಾಲು. ವೇದಿಕೆಯ ಮೇಲೆ ಒಂದು ಮೇಜು, ಒಂದು ಸ್ಟೂಲು. ಟ್ಯಾಬ್ಲೆಟ್ಟಿನಲ್ಲಿ ಕಾಣುವುದೆಲ್ಲ ಹಿಂದಿನ ದೊಡ್ಡ ಪರದೆಯ ಮೇಲೂ ಕಾಣುವಂತೆ ನಮ್ಮ ಪ್ರೋಗ್ರಾಮರ್ ಹುಡುಗಿ ತಂತಿ ಎಳೆದಿದ್ದಳು. ಗ್ರಾಫಣ್ಣ ಹೊಸ ಕೋಟು ಹಾಕಿಕೊಂಡು ಹೆಡ್‌ಮೇಡಂ ಪಕ್ಕದಲ್ಲಿ ಕೂತಿದ್ದ. ನಾನು ಮತ್ತು ಚೂಟಿಯ ಅಪ್ಪ ಹಿಂದಿನ ಸಾಲಿನಲ್ಲಿ. ಇವರು ಅರ್ಧ ದಿನ ರಜ ಹಾಕಿ ಬಂದಿದ್ದರು, ಉಗುರಿನ ಸಂದಿಯಲ್ಲಿ ಗಾಜಿನ ಬಿಳಿ ಪುಡಿ ಇನ್ನೂ ಇತ್ತು.

ಮೊದಲು ಇಬ್ಬರು ಮಕ್ಕಳು ಬಂದು ಪಟಪಟನೆ ಹಲಗೆ ಇಟ್ಟರು. ಒಬ್ಬನ ಮೇಸ್ತ್ರಿ ಬಿದ್ದ, ಸೊಂಟದ ಮಾತಿಗೆ ಸಭಾಂಗಣವೆಲ್ಲ ನಕ್ಕಿತು. ಇನ್ನೊಬ್ಬಳ ಸೇತುವೆ ನಿಂತಿತು. "ಓಹೋ, ಸೇತುವೆ ಆಯ್ತು. ಮುಂದಿನವರು ಬನ್ನಿ" ಎಂದು ನನ್ನ ಧ್ವನಿ ಸ್ಪೀಕರಿನಿಂದ ಬಂತು. ಇವರು ನನ್ನ ಕಡೆ ತಿರುಗಿ ನಕ್ಕರು. ಚೂಟಿ ಮೆಟ್ಟಿಲು ಹತ್ತಿದಳು.

ಅವಳಿಗೆ ಬಂದ ಲೆಕ್ಕ ಸ್ವಲ್ಪ ಕಷ್ಟದ್ದು. ನಡುವೆ ಒಂದು ಲೋಟ ಇಟ್ಟಿದ್ದರು, ಸೇತುವೆ ಅದನ್ನು ಸುತ್ತಿಕೊಂಡು ಹೋಗಬೇಕಿತ್ತು. ಅವಳು ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಜನ್ನು ಸುತ್ತಿ ಬಂದಳು. ಬಗ್ಗಿ ಸ್ಟೂಲಿನ ಕಡೆಯಿಂದ ನೋಡಿದಳು. ಯಾರೋ ಹಿಂದಿನಿಂದ, "ಬೇಗ ಚೂಟಿ" ಅಂದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪರದೆಯ ಮೇಲೆ ಮೇಸ್ತ್ರಿ ಮೇಜಿನ ಅಂಚಿಗೆ ಬಂದು ಕೂತ. ಹೆಲ್ಮೆಟ್ ತೆಗೆದಿಟ್ಟ.

"ನಿಧಾನ. ನಾನೆಲ್ಲೂ ಹೋಗಲ್ಲ."

ಅವಳ ಹೆಗಲು ಇಳಿದದ್ದು ಹಿಂದಿನ ಸಾಲಿಗೂ ಕಾಣಿಸಿತು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಒಂದು ಉದ್ದ ಹಲಗೆ ಎಳೆದು ಮೇಜಿನ ಅಂಚಿಗೆ ಇಟ್ಟಳು. ಸರಿಯಾಗಿತ್ತು. ಒಂದು ಗಿಡ್ಡ ಹಲಗೆಯ ಮೇಲೆ ಬೆರಳಿಟ್ಟಳು, ತೆಗೆದಳು, ಪಕ್ಕದ್ದರ ಮೇಲೆ ಇಟ್ಟಳು. ಅದೂ ಸರಿಯಾಗಿತ್ತು. ಇನ್ನೊಂದೇ ಹಲಗೆ ಬಾಕಿ. ನನ್ನ ಕೈಯನ್ನು ಇವರು ಹಿಡಿದುಕೊಂಡಿದ್ದರು.

"ಮುಂದಿನವರು ಬನ್ನಿ."

ಅದೇ ನಗುವ ಧ್ವನಿ, ನನ್ನದೇ. ಮೇಸ್ತ್ರಿ ಹೆಲ್ಮೆಟ್ ತಲೆಗೇರಿಸಿ, ಎದ್ದು, ಬೆನ್ನು ತಿರುಗಿಸಿ ನಡೆದುಹೋದ. ಅವಳಿಟ್ಟ ಹಲಗೆಗಳೆಲ್ಲ ಮಾಯವಾದವು. ಪರದೆಯ ಮೇಲೆ ಖಾಲಿ ಮೇಜು ಉಳಿಯಿತು. ಸಭಾಂಗಣ ನಕ್ಕಿತು. ಕೆಟ್ಟ ನಗುವಲ್ಲ, ಮಕ್ಕಳು ಅಪ್ಪ ಅಮ್ಮಂದಿರು ಸುಮ್ಮನೆ ನಗುವ ನಗು. ಮುಂದಿನ ಸರದಿಯವಳು ಆಗಲೇ ಮೆಟ್ಟಿಲು ಹತ್ತಿ ಕೈಚಾಚಿ ನಿಂತಿದ್ದಳು. ಚೂಟಿ ಟ್ಯಾಬ್ಲೆಟ್ ಕೊಡಲಿಲ್ಲ. ಪರದೆಯನ್ನೂ ನೋಡಲಿಲ್ಲ. ಕುರ್ಚಿಗಳ ಸಾಲನ್ನೆಲ್ಲ ದಾಟಿ ನನ್ನನ್ನು ನೋಡಿದಳು. ಟೀಚರ್ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಟ್ಯಾಬ್ಲೆಟ್ ತೆಗೆದುಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಪ್ರೋಗ್ರಾಮರ್ ಹುಡುಗಿ ತಂತಿ ಸುತ್ತುತ್ತ ಎಲ್ಲ ಹೇಳಿದಳು. ಕೂರುವುದನ್ನು ಮುಟ್ಟಬೇಡಿ ಎಂದು ಗ್ರಾಫಣ್ಣ ಹೇಳಿದ್ದು ನಿಜ, ಆದರೆ ಎಲ್ಲರಿಗೂ ಸರದಿ ಸಿಗುವಂತೆ ಮಾಡಿ ಎಂದೂ ಹೇಳಿದ್ದ. ಅದಕ್ಕೇ ಅವಳು ಕೂರುವುದನ್ನು ಹಾಗೇ ಬಿಟ್ಟು, ಅದರ ನಂತರ ಒಂದು ಗಡಿಯಾರ ಸೇರಿಸಿದ್ದಳು. ಹೊತ್ತು ಮೀರಿದಾಗ ಹೇಳಲು ಒಂದು ಮಾತು ಬೇಕಿತ್ತು. ಸೌಂಡ್ ಮಾಮ, ಸೇತುವೆ ಮುಗಿದಾಗ ಬರುವ ನನ್ನ ಮಾತಿನ ಬಾಲ ಕತ್ತರಿಸಿ ಕೊಟ್ಟರು. ಹೋಗಲ್ಲ ಎಂದ ಬಾಯಿಯಲ್ಲೇ ಹೋಗುವ ಮಾತು ಬರುತ್ತದೆ ಎಂಬುದು ಯಾರ ತಲೆಗೂ ಬರಲಿಲ್ಲ. ಒಬ್ಬಳು ಹೊತ್ತು ನೋಡಿದಳು, ಒಬ್ಬರು ಧ್ವನಿ ನೋಡಿದರು, ಒಬ್ಬ ಗೆರೆ ನೋಡಿದ. ಎರಡು ಮಾತನ್ನೂ ಒಟ್ಟಿಗೆ ಕೇಳಿಸಿಕೊಂಡವಳು ವೇದಿಕೆಯ ಮೇಲಿದ್ದ ಮಗು ಒಂದೇ.

"ನಂಗೆ ಹೇಳ್ಬಹುದಿತ್ತಲ್ಲ" ಅಂದೆ.

"ಹೇಳಿದ್ರೆ ನೀವು ಜಗಳ ಮಾಡ್ತೀರ ಅಂದ್ರು ಸರ್" ಅಂದಳು. ಪಾಪ, ಅವಳ ಕಣ್ಣಲ್ಲಿ ನೀರಿತ್ತು.

ಆಫೀಸಿಗೆ ಮರಳಿದಾಗ ಗ್ರಾಫಣ್ಣನ ಮುಖ ಅರಳಿತ್ತು. ಎಷ್ಟೊಂದು ಮಕ್ಕಳಿಗೆ ಸರದಿ ಸಿಕ್ಕಿತು ನೋಡಿ ಅಂದ. ಹೆಡ್‌ಮೇಡಂ ಬೇರೆ ಶಾಲೆಗಳಿಗೂ ಹೇಳುತ್ತಾರಂತೆ ಅಂದ. ನಾನು ಮಗಳ ಹೆಸರೆತ್ತಿದಾಗ ನಿಜವಾಗಿಯೂ ನೊಂದುಕೊಂಡ. "ಛೆ, ಅದು ನಿಮ್ಮ ಮಗಳಾ? ಮೊದ್ಲೇ ಹೇಳಿದ್ರೆ ಅವಳಿಗೆ ಸುಲಭದ್ದು ಕೊಡಿಸ್ತಿದ್ದೆ."

ಅವಳಿಗೆ ಸುಲಭದ್ದು ಬೇಕಿರಲಿಲ್ಲ ಎಂದು ಈ ಮನುಷ್ಯನಿಗೆ ಯಾವ ಗೆರೆ ಎಳೆದು ತೋರಿಸಲಿ. ಗಡಿಯಾರ ತೆಗೆಯಿರಿ, ಇಲ್ಲದಿದ್ದರೆ ನನ್ನ ಧ್ವನಿ ತೆಗೆಯಿರಿ ಅಂದೆ. ಧ್ವನಿ ಈಗ ಕಂಪನಿಯದು, ಮಕ್ಕಳಿಗೆ ಬಹಳ ಇಷ್ಟವಾಗಿದೆ, ಅದನ್ನು ಮಾತ್ರ ಕೇಳಬೇಡಿ ಅಂದ. ಬಾಗಿಲು ಬಡಿದು ಹೊರಬಂದೆ. ಗಾಜಿನ ಬಾಗಿಲು ಅದು, ಬಡಿದರೂ ಮೆತ್ತಗೆ ಮುಚ್ಚಿಕೊಳ್ಳುವಂಥದ್ದು.

ಮನೆಯಲ್ಲಿ ಚೂಟಿ ಅತ್ತಿರಲಿಲ್ಲ. ಊಟದ ಮೇಜಿನ ಹತ್ತಿರ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ನಾನು ಎದುರಿಗೆ ಕೂತು, ಗಡಿಯಾರದ ವಿಷಯ, ಕತ್ತರಿಸಿದ ಮಾತಿನ ವಿಷಯ, ನನಗೆ ಗೊತ್ತಿಲ್ಲದೆ ಆದದ್ದು ಎಂಬುದು, ಎಲ್ಲವನ್ನೂ ವಿವರಿಸಿದೆ. ನನ್ನ ಬಾಯಿಗೆ ಬಿಡುವೆಲ್ಲಿ. ಅವಳು ಎಲ್ಲ ಕೇಳಿಸಿಕೊಂಡಳು.

"ಒಳಗೆ ಇರೋದು ನೀನೇ ಅಂದಿದ್ಯಲ್ಲ" ಅಂದಳು.

"ಧ್ವನಿ ಮಾತ್ರ ನಂದು ಪುಟ್ಟಾ."

ಪೆನ್ಸಿಲಿನ ಮೊನೆಯನ್ನು ಬೆರಳಿಗೆ ಒತ್ತಿ ನೋಡಿಕೊಂಡಳು. "ನಾನು ಎಣಿಸ್ತಿದ್ದೆ ಅಮ್ಮ. ಇನ್ನೊಂದೇ ಇತ್ತು."

"ಗೊತ್ತು."

"ನಿಂಗೆ ಗೊತ್ತಿತ್ತು. ಮತ್ತೆ ಯಾಕೆ ಹೋದೆ?"

ಎಂಥವರಿಗೂ ಉತ್ತರ ಕೊಡುವವಳು ನಾನು. ಮೇಜಿನ ಮೇಲೆ ಬಿದ್ದ ಪೆನ್ಸಿಲ್ ಸಿಪ್ಪೆಯನ್ನು ಅಂಗೈಗೆ ಬಳಿದುಕೊಂಡೆ.

ಆಟ ಊರೂರಿನ ಶಾಲೆಗಳಿಗೆ ಹೋಯಿತು. ನಾನು ಕೆಲಸ ಬಿಡುತ್ತೇನೆಂದು ಮನೆಯಲ್ಲಿ ಕೂಗಾಡಿದೆ, ಬಿಡಲಿಲ್ಲ. ಬಿಟ್ಟರೂ ನನ್ನ ಧ್ವನಿ ಅಲ್ಲೇ ಉಳಿಯುತ್ತಿತ್ತು. ಎಲ್ಲೆಲ್ಲೋ ಯಾವ ಯಾವುದೋ ಕ್ಲಾಸಿನಲ್ಲಿ, ಎಣಿಸುತ್ತ ನಿಂತ ಮಗುವಿಗೆ ಅದು ನಿಧಾನ ಎಂದು ಹೇಳಿ ಎದ್ದು ಹೋಗುತ್ತಲೇ ಇರುತ್ತದೆ. ಕಚೇರಿಯಲ್ಲಿ ಗೆರೆಯ ಹಳ್ಳ ಮುಚ್ಚಿಕೊಂಡಿತು. ಗ್ರಾಫಣ್ಣ ಎಲ್ಲರಿಗೂ ಕೇಕ್ ತರಿಸಿದ. ನಾನೂ ತಿಂದೆ.

ಸ್ವಲ್ಪ ದಿನದ ಮೇಲೆ ಪೋಷಕರ ಸಭೆಯಲ್ಲಿ ಟೀಚರ್ ನನ್ನನ್ನು ಕಂಡು ನಗುತ್ತ ಎದ್ದು ನಿಂತರು.

"ಈಗ ಪರವಾಗಿಲ್ಲ ನಿಮ್ಮ ಮಗಳು. ಕೇಳಿದ ತಕ್ಷಣ ಉತ್ತರ ಕೊಡ್ತಾಳೆ."

"ಸರಿ ಇರುತ್ತಾ?"

"ಹೆಚ್ಚಾಗಿ ತಪ್ಪಿರುತ್ತೆ. ಆದ್ರೂ ಕೊಡ್ತಾಳಲ್ಲ, ಅದು ಮುಖ್ಯ. ಮೊದಲು ಸುಮ್ನೆ ನಿಂತಿರ್ತಿದ್ಲು."

ಮಾರನೆಯ ಬೆಳಿಗ್ಗೆ ಎಂದಿನಂತೆ ಬಾಗಿಲ ಬಳಿ ಅವಳು ಶೂ ಹಾಕಿಕೊಳ್ಳುತ್ತಿದ್ದಳು. ಅವಳಪ್ಪ ಛತ್ರಿ ಹಿಡಿದು ಹೊರಗೆ ನಿಂತಿದ್ದರು. ನಾನು ಚೀಲ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಒಂದು ಕುಣಿಕೆ ಮಾಡಿದಳು, ನೋಡಿದಳು, ಬಿಚ್ಚಿದಳು. ಎರಡೂ ತುದಿ ಹಿಡಿದು ಸಮ ಮಾಡತೊಡಗಿದಳು. ಪ್ರದರ್ಶನದ ದಿನದಿಂದ ಹೇಗೋ ಒಂದು ಗಂಟು ಬಿಗಿದು ಓಡುತ್ತಿದ್ದವಳು ಮತ್ತೆ ಹಾಗೆ ಬಿಚ್ಚಿ ಕಟ್ಟುವುದನ್ನು ಕಂಡು ನನ್ನ ಮನಸ್ಸು ತುಂಬಿ ಬಂತು.

"ನಿಧಾನ" ಅಂದೆ. "ನಾನೆಲ್ಲೂ ಹೋಗಲ್ಲ."

ಅವಳ ಕೈ ನಿಂತಿತು. ಹೆಗಲು ಕಿವಿಯ ತನಕ ಮೇಲೇರಿತು. ಲೇಸಿನ ಎರಡೂ ತುದಿಗಳನ್ನು ಗಡಿಬಿಡಿಯಲ್ಲಿ ಶೂ ಒಳಗೆ ತುರುಕಿ, ಇನ್ನೊಂದು ಕಾಲಿನದನ್ನೂ ಹಾಗೇ ತುರುಕಿ, ಎದ್ದು ನಿಂತು ಚೀಲಕ್ಕೆ ಕೈಚಾಚಿದಳು.

"ಆಯ್ತು ಅಮ್ಮ" ಅಂದಳು. "ಆಯ್ತು, ಮುಗೀತು."